ಓದುಗರ ಪ್ರಶ್ನೆ: ಮನೆ ಅಲುಗಾಡಿದಾಗ ಮಗುವಿಗೆ ಏನು ಹೇಳುವುದು?

ಹೋದ ಸಂಚಿಕೆಯಲ್ಲಿ ಪರೀಕ್ಷೆ ಭಯದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಪರೀಕ್ಷೆಯ ಮಾತು ಇದ್ದದ್ದು ಕಡಿಮೆ. ಅಪ್ಪ ಅಮ್ಮ ಬೇರೆಯಾದದ್ದು, ಮನೆಯಲ್ಲೊಂದು ಸಾವು, ಜಗಳ, ಹೊಡೆತ, ಇವೇ ಜಾಸ್ತಿ. ಹಾಗಾಗಿ ಈ ಸಲದ ಪುಟ ಪೂರ್ತಿ ಇವಕ್ಕೇ. ಐದರಿಂದ ಹತ್ತು ವರ್ಷದ ಮಕ್ಕಳ ಬಗ್ಗೆ ಬಂದ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ಹೆಸರು, ಊರು, ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ.

ಪ್ರಶ್ನೆ: ನಾನು ಎರಡನೇ ಕ್ಲಾಸಿನ ಟೀಚರ್. ನನ್ನ ಕ್ಲಾಸಿನಲ್ಲಿ ಏಳು ವರ್ಷದ ಒಬ್ಬ ಹುಡುಗ ಇದ್ದಾನೆ. ಮೊದಲೆಲ್ಲ ತಣ್ಣಗಿದ್ದ. ಎರಡು ತಿಂಗಳಿಂದ ಪಕ್ಕದವರಿಗೆ ಹೊಡೆಯುತ್ತಾನೆ, ಪುಸ್ತಕ ಹರಿಯುತ್ತಾನೆ, ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಬೆಂಚಿನ ಕೆಳಗೆ ಹೋಗಿ ಕೂತುಬಿಡುತ್ತಾನೆ. ಅಪ್ಪ ಅಮ್ಮ ಬೇರೆಯಾಗಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಬೈದೆ, ಮುದ್ದು ಮಾಡಿದೆ, ಏನಾಯ್ತು ಹೇಳು ಅಂತ ಹತ್ತು ಸಲ ಕೇಳಿದೆ. ಬಾಯಿ ಬಿಡುವುದಿಲ್ಲ. ನಲವತ್ತು ಮಕ್ಕಳಲ್ಲಿ ಇವನೊಬ್ಬನಿಗೇ ಎಷ್ಟು ಹೊತ್ತು ಕೊಡಲಿ ಅಕ್ಕಾ?

ಉತ್ತರ: ಮೊದಲು ಕೇಳುವುದನ್ನು ನಿಲ್ಲಿಸಿ. ಅವನು ಹಟಕ್ಕೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಒಳಗೆ ಆಗುತ್ತಿರುವುದಕ್ಕೆ ಏಳು ವರ್ಷದವನ ಹತ್ತಿರ ಮಾತೇ ಇಲ್ಲ. ಹತ್ತು ಸಲ ಕೇಳಿದರೆ ಅವನಿಗೆ ಹತ್ತು ಸಲ ಫೇಲಾದ ಹಾಗೆ.

ಬಾಗಿಲಿನ ವಿಷಯ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸುಳಿವು ಅದೇ. ಮನೆಯಲ್ಲಿ ಬಾಗಿಲು ಧಡ್ ಅಂದ ಮೇಲೆ ಬೇರೆ ಏನೋ ನಡೆಯುತ್ತಿದ್ದಿರಬಹುದು. ಈಗ ಆ ಶಬ್ದ ಕಿವಿಗೆ ಬಿದ್ದ ಕೂಡಲೇ ಅವನ ಮೈ ಅವನನ್ನು ಕೇಳದೆಯೇ ಓಡಲು ಸಿದ್ಧವಾಗುತ್ತದೆ. ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲಿಂದ ಮೇಲೆ ಬರುತ್ತದೆ. ಆ ಹೊತ್ತಿನಲ್ಲಿ ಮಿದುಳಿಗೆ ಯೋಚನೆ ಮಾಡಲು ಪುರಸೊತ್ತಿಲ್ಲ, ಹಾಗಾಗಿ ಬುದ್ಧಿಮಾತು, ಬೈಗುಳ, ಮಗ್ಗಿ, ಯಾವುದೂ ಒಳಗೆ ಇಳಿಯುವುದಿಲ್ಲ. ಬೆಂಚಿನ ಕೆಳಗೆ ಹೋದರೆ ಹೋಗಲಿ ಬಿಡಿ. ಸ್ವಲ್ಪ ದೂರದಲ್ಲಿ ಕೂತು, 'ನಾನು ಇಲ್ಲೇ ಇದ್ದೀನಿ, ಅದು ಬರೀ ಬಾಗಿಲಿನ ಸದ್ದು' ಅಂತ ಮೆಲ್ಲಗೆ ಹೇಳಿ. ಕೈ ಹಿಡಿದು ಎಳೆಯಬೇಡಿ. ದನಿ ತಗ್ಗಿಸಿ, ನಿಧಾನ ಮಾಡಿ. ಮಗು ಪಕ್ಕದ ದೊಡ್ಡವರ ಉಸಿರು ನೋಡಿಕೊಂಡೇ ತನ್ನ ಉಸಿರು ಹಿಡಿತಕ್ಕೆ ತಂದುಕೊಳ್ಳುತ್ತದೆ.

ಹಾಗಂತ ಹೊಡೆದದ್ದನ್ನು ಸುಮ್ನೆ ಬಿಡಿ ಅನ್ನುತ್ತಿಲ್ಲ. ಮನೆಯಲ್ಲಿ ಎಲ್ಲಾ ಕಟ್ಟು ಸಡಿಲವಾಗಿರುವ ಮಗುವಿಗೆ ಕ್ಲಾಸಿನಲ್ಲೂ ಕಟ್ಟು ಸಡಿಲವಾದರೆ ಹೆದರಿಕೆ ಇನ್ನೂ ಜಾಸ್ತಿಯಾಗುತ್ತದೆ. ಅವನು ತಣ್ಣಗಾದ ಮೇಲೆ, ಉಳಿದವರ ಎದುರಿಗಲ್ಲದೆ, 'ಸಿಟ್ಟು ಬಂದರೆ ತಪ್ಪಿಲ್ಲ, ಹೊಡೆಯುವ ಹಾಗಿಲ್ಲ, ಸಿಟ್ಟು ಬಂದಾಗ ಈ ಮೂಲೆಗೆ ಬಂದು ಕೂರಬಹುದು' ಅನ್ನಿ. ಅಷ್ಟೇ ಸಾಕು. ಹರಿದ ಪುಸ್ತಕವನ್ನು ಇಬ್ಬರೂ ಸೇರಿ ಅಂಟಿಸಿ.

ಇನ್ನು ಹೊತ್ತಿನ ವಿಷಯ. ದಿನಕ್ಕೆ ಎರಡು ನಿಮಿಷ ಕೊಡಿ, ಆದರೆ ದಿನಾ ಕೊಡಿ. ಬೆಳಿಗ್ಗೆ ಹೆಸರು ಹಿಡಿದು ಕರೆಯಿರಿ. ಬೋರ್ಡ್ ಒರೆಸುವುದೋ ಪುಸ್ತಕ ಹಂಚುವುದೋ ಒಂದು ಚಿಕ್ಕ ಕೆಲಸ ಅವನದೇ ಆಗಿರಲಿ. ಇವತ್ತು ಮೊದಲು ಏನು, ಆಮೇಲೆ ಏನು ಅಂತ ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಬದಲಾವಣೆ ಇದ್ದರೆ ಮೊದಲೇ ಹೇಳಿ. ಇದರಿಂದ ಉಳಿದ ಮೂವತ್ತೊಂಬತ್ತು ಮಕ್ಕಳಿಗೂ ನಷ್ಟವೇನಿಲ್ಲ. 'ನನ್ನ ಕುಟುಂಬ' ಚಿತ್ರ ಬರೆಸುವ ದಿನ ಬಂದರೆ 'ನಿಮಗೆ ಇಷ್ಟವಾದವರನ್ನು ಬರೆಯಿರಿ' ಅಂತ ಎಲ್ಲರಿಗೂ ಹೇಳಿಬಿಡಿ. ಮತ್ತೆ, ಬೆಂಚಿನ ಕೆಳಗೆ ಹೋದ ದಿನಗಳನ್ನು ತಾರೀಖು ಸಮೇತ ಬರೆದಿಟ್ಟುಕೊಳ್ಳಿ. ಬೇರೆಯಾಗುವ ಮೊದಲು ಅಲ್ಲಿ ಹೊಡೆತ ಬಡಿತ ಇತ್ತೋ, ಈಗಲೂ ಇದೆಯೋ ನಮಗೆ ಗೊತ್ತಿಲ್ಲ. ಮೈಮೇಲೆ ಗುರುತು ಕಂಡರೆ, ಅಥವಾ ಮನೆಗೆ ಹೋಗಲ್ಲ ಅಂತ ಹಟ ಹಿಡಿದರೆ, ಶಾಲೆಯ ಮುಖ್ಯಸ್ಥರಿಗೆ ಅವತ್ತೇ ತಿಳಿಸಿ, ಮಕ್ಕಳ ರಕ್ಷಣೆಯ ಕೆಲಸ ಮಾಡುವವರಿಗೆ ಸುದ್ದಿ ಮುಟ್ಟಬೇಕು.

ನಾನೂ ಟೀಚರ್ ಆಗಿದ್ದವಳೇ. ಒಮ್ಮೆ ಒಬ್ಬಳು ಹುಡುಗಿಯನ್ನು ಇಡೀ ಕ್ಲಾಸಿನ ಎದುರು ನಿಲ್ಲಿಸಿ, 'ಹೋಮ್‌ವರ್ಕ್ ಮಾಡದೆ ರಾತ್ರಿಯೆಲ್ಲ ಏನು ಮಾಡ್ತಿದ್ದೆ?' ಅಂತ ಗದರಿದೆ. ನಿಂತಲ್ಲೇ ಒಂದಕ್ಕೆ ಮಾಡಿಕೊಂಡಳು. ರಾತ್ರಿಯೆಲ್ಲ ಅವಳು ಅಮ್ಮನ ಪಕ್ಕ ಕಾವಲು ಕೂತಿದ್ದಳು ಅಂತ ಆಮೇಲೆ ತಿಳಿಯಿತು. ಹೋಮ್‌ವರ್ಕ್ ಅಂದರೆ ಇವತ್ತಿಗೂ ನನಗೆ ಅವಳ ಮುಖವೇ ನೆನಪಾಗುತ್ತದೆ.

ಪ್ರಶ್ನೆ: ನನ್ನ ಗಂಡ ಹೃದಯಾಘಾತವಾಗಿ ತೀರಿಕೊಂಡು ಮೂರು ತಿಂಗಳಾಯಿತು. ಮಗಳಿಗೆ ಆರು ವರ್ಷ. ಅವಳಿಗೆ ನೋವಾಗುತ್ತದೆ ಅಂತ 'ಅಪ್ಪ ನಿದ್ದೆ ಮಾಡ್ತಿದ್ದಾರೆ' ಅಂತ ಒಬ್ಬರು, 'ದೂರ ಕೆಲಸಕ್ಕೆ ಹೋಗಿದ್ದಾರೆ' ಅಂತ ಇನ್ನೊಬ್ಬರು ಹೇಳಿಬಿಟ್ಟೆವು. ಈಗ ಅವಳು ಮಲಗಲು ಒಪ್ಪುವುದಿಲ್ಲ, ನನಗೂ ಮಲಗಲು ಬಿಡುವುದಿಲ್ಲ. ಹೋದ ವಾರ, 'ಅವತ್ತು ನಾನು ಅಪ್ಪನ ಮೇಲೆ ಸಿಟ್ಟು ಮಾಡ್ಕೊಂಡೆ ಅಲ್ವಾ, ಅದಕ್ಕೇ ಹೋದ್ರಾ?' ಅಂತ ಕೇಳಿದಳು. ಏನು ಹೇಳಲಿ? ಹೊತ್ತು ಮೀರಿಹೋಯಿತಾ?

ಉತ್ತರ: ಇಲ್ಲಮ್ಮಾ, ಹೊತ್ತು ಮೀರಿಲ್ಲ. ಆದರೆ ಇನ್ನು ತಡ ಮಾಡಬೇಡಿ, ಈ ವಾರವೇ ಹೇಳಿ.

ನಿಮ್ಮ ಮಗಳು ಲೆಕ್ಕ ಸರಿಯಾಗಿಯೇ ಹಾಕಿದ್ದಾಳೆ, ಕೈಯಲ್ಲಿದ್ದ ಸಂಗತಿಗಳೇ ತಪ್ಪು. ಅಪ್ಪ ನಿದ್ದೆ ಮಾಡಿದರು, ಏಳಲಿಲ್ಲ. ಹಾಗಾದರೆ ಅಮ್ಮ ನಿದ್ದೆ ಮಾಡಿದರೆ? ನಾನು ಮಾಡಿದರೆ? ಅಥವಾ ಅಪ್ಪ ಬೇಕೆಂದೇ ಹೋದರು, ಒಂದು ಫೋನೂ ಮಾಡುತ್ತಿಲ್ಲ. ಹಾಗಾದರೆ ನನ್ನ ಮೇಲೆ ಸಿಟ್ಟು. ಈ ವಯಸ್ಸಿನಲ್ಲಿ ಮಕ್ಕಳು ಸುತ್ತ ಆಗುವುದೆಲ್ಲ ತಮ್ಮಿಂದಲೇ, ತಮಗಾಗಿಯೇ ಆಗುತ್ತದೆ ಅಂತ ನಂಬುತ್ತಾರೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಮಕ್ಕಳ ಯೋಚನೆಯ ಬಗ್ಗೆ ಬರೆದದ್ದರಲ್ಲಿ ಇದು ದೊಡ್ಡ ವಿಷಯ. ದೊಡ್ಡವರು ಹೇಳದೆ ಬಿಟ್ಟ ಜಾಗವನ್ನು ಮಗು ಖಾಲಿ ಇಟ್ಟುಕೊಳ್ಳುವುದಿಲ್ಲ, ಅಲ್ಲಿ ತನ್ನ ತಪ್ಪನ್ನು ತುಂಬಿಕೊಳ್ಳುತ್ತದೆ. ಈ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಇದೊಂದನ್ನೇ. ಸಾವಿರಲಿ, ವಿಚ್ಛೇದನ ಇರಲಿ, ಜೈಲಿರಲಿ.

ಹಂಗೇರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ ಬುಡಾಪೆಸ್ಟಿನಲ್ಲಿ ಮೂರರಿಂದ ಹತ್ತು ವರ್ಷದ ಮಕ್ಕಳು ಸಾವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಕೇಳಿ ನೋಡಿ, 1948ರಲ್ಲಿ ಪ್ರಕಟಿಸಿದರು. ತೀರಾ ಚಿಕ್ಕವರಿಗೆ ಸಾವು ಅಂದರೆ ನಿದ್ದೆ, ಇಲ್ಲವೇ ಒಂದು ಪ್ರಯಾಣ. ಹೋದವರು ವಾಪಸ್ ಬರಬಹುದು. ನಾವು ದೊಡ್ಡವರು ಮೆತ್ತಗೆ ಇರಲಿ ಅಂತ ಆರಿಸಿಕೊಳ್ಳುವ ಮಾತುಗಳೂ ಅವೇ ಎರಡು, ನೋಡಿ! ಮಗುವಿನ ತಪ್ಪು ತಿಳಿವಳಿಕೆಗೆ ನಾವೇ ಮೊಹರು ಒತ್ತಿದ ಹಾಗೆ.

ಹೇಳುವುದು ಹೀಗೆ. ಹಗಲು ಹೊತ್ತು, ಮನೆಯಲ್ಲಿ, ಪಕ್ಕದಲ್ಲಿ ಕೂರಿಸಿಕೊಂಡು: 'ನಿನಗೆ ಅಪ್ಪನ ವಿಷಯ ನಾವು ಸರಿಯಾಗಿ ಹೇಳಲಿಲ್ಲ. ಅಪ್ಪ ನಿದ್ದೆ ಮಾಡ್ತಿಲ್ಲ, ಕೆಲಸಕ್ಕೂ ಹೋಗಿಲ್ಲ. ಅಪ್ಪ ಸತ್ತುಹೋದರು. ಅವರ ಹೃದಯಕ್ಕೆ ದೊಡ್ಡ ಕಾಯಿಲೆ ಬಂದು ಅದು ನಿಂತುಹೋಯಿತು. ಸತ್ತ ಮೇಲೆ ಉಸಿರಾಟ ಇಲ್ಲ, ಹಸಿವಿಲ್ಲ, ನೋವೂ ಇಲ್ಲ. ವಾಪಸ್ ಬರೋಕೆ ಆಗಲ್ಲ.' ಇಲ್ಲಿ ಸ್ವಲ್ಪ ನಿಲ್ಲಿಸಿ. ಆಮೇಲೆ: 'ನಿನ್ನ ಸಿಟ್ಟಿನಿಂದ ಆಗಿದ್ದಲ್ಲ. ಯಾರು ಸಿಟ್ಟು ಮಾಡಿಕೊಂಡರೂ ಹೃದಯ ಹೀಗೆ ನಿಲ್ಲಲ್ಲ.' 'ಸತ್ತುಹೋದರು' ಅನ್ನುವ ಪದ ನಿಮ್ಮ ಬಾಯಲ್ಲಿ ಬರುವುದು ಕಷ್ಟ, ಗೊತ್ತು. ಕನ್ನಡಿ ಮುಂದೆ ಒಂದೆರಡು ಸಲ ಹೇಳಿಕೊಳ್ಳಿ. ಹೇಳುವಾಗ ಅಳು ಬಂದರೆ ಅಳಿ, ಪರವಾಗಿಲ್ಲ. 'ಅಪ್ಪನ ನೆನಪಾಗಿ ಅಳು ಬಂತು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ' ಅಂದರೆ ಅವಳು ಹೆದರುವುದಿಲ್ಲ.

ಆಮೇಲೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಾಬರಿಯಾಗುತ್ತೀರಿ. ಜೋರಾಗಿ ಅಳಬಹುದು. ಹತ್ತೇ ನಿಮಿಷಕ್ಕೆ 'ಆಟ ಆಡೋಕೆ ಹೋಗ್ಲಾ?' ಅನ್ನಬಹುದು. ಕಲ್ಲು ಮನಸ್ಸಿನ ಹುಡುಗಿ ಅಂದುಕೊಳ್ಳಬೇಡಿ. ಮಕ್ಕಳ ದುಃಖ ಬಿಟ್ಟು ಬಿಟ್ಟು ಬರುವ ಮಳೆ. ನಾಲ್ಕು ದಿನ ಬಿಟ್ಟು ಅದೇ ಪ್ರಶ್ನೆ ಕೇಳುತ್ತಾಳೆ, ನೀವು ಅದೇ ಉತ್ತರ ಕೊಡಿ, ಪ್ರತಿ ಸಲವೂ ಅದೇ ಮಾತಿನಲ್ಲಿ. 'ನೀನೂ ಸತ್ತುಹೋಗ್ತೀಯಾ?' ಅಂತ ಖಂಡಿತ ಕೇಳುತ್ತಾಳೆ. 'ಇಲ್ಲವೇ ಇಲ್ಲ' ಅಂತ ಆಣೆ ಇಡಬೇಡಿ, ಮತ್ತೊಂದು ಸುಳ್ಳು ಬೇಡ. 'ನಾನು ಚೆನ್ನಾಗಿದ್ದೀನಿ, ನೀನು ದೊಡ್ಡವಳಾಗೋವರೆಗೂ ಇರ್ತೀನಿ ಅಂದುಕೊಂಡಿದ್ದೀನಿ, ಏನೇ ಆದರೂ ನಿನ್ನನ್ನು ನೋಡಿಕೊಳ್ಳೋಕೆ ಇವರಿದ್ದಾರೆ' ಅಂತ ಹೆಸರು ಹಿಡಿದು ಹೇಳಿ. ಆ ಹೆಸರು ಮುಖ್ಯ.

ಹಾಂ, ಮನೆಗೆ ಬಂದವರು 'ಇನ್ನು ಅಮ್ಮನನ್ನು ನೀನೇ ನೋಡಿಕೊಳ್ಳಬೇಕು ಪುಟ್ಟಿ' ಅನ್ನುವುದನ್ನು ದಯವಿಟ್ಟು ತಡೆಯಿರಿ. ಆರು ವರ್ಷದವಳ ಹೆಗಲಿಗೆ ಎಂಥ ಭಾರ ಅದು! ಅವಳು ನಿಮಗೆ ಮಲಗಲು ಬಿಡದೆ ಕಾಯುತ್ತಿರುವುದರಲ್ಲಿ ಆ ಮಾತಿನ ಪಾಲೂ ಇರಬಹುದು.

ಪ್ರಶ್ನೆ: ಮೊಮ್ಮಗಳಿಗೆ ಎಂಟು ವರ್ಷ. ಮಗಳು, ಮೊಮ್ಮಗಳು ಈಗ ನಮ್ಮ ಜೊತೆ ಇದ್ದಾರೆ. ಅಳಿಯ ಮಗಳಿಗೆ ಹೊಡೆಯುವುದನ್ನು ಮಗು ನೋಡಿದೆ. ಈಗ ಗೊಂಬೆಗಳನ್ನಿಟ್ಟುಕೊಂಡು ಅದನ್ನೇ ಆಡುತ್ತಾಳೆ, ಒಂದು ಗೊಂಬೆ ಇನ್ನೊಂದಕ್ಕೆ ಹೊಡೆಯುವುದು, ಅದು ಬೀಳುವುದು. ನೋಡಲು ಆಗುವುದಿಲ್ಲ. ಗೊಂಬೆ ತೆಗೆದಿಡಲೇ?

ಉತ್ತರ: ತೆಗೆದಿಡಬೇಡಿ ಅಜ್ಜಾ. ಬಾಯಲ್ಲಿ ಹೇಳಲಾಗದ್ದನ್ನು ಅವಳು ಕೈಯಲ್ಲಿ ಹೇಳುತ್ತಿದ್ದಾಳೆ.

1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಅನ್ನುವಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ದುಷ್ಕರ್ಮಿಗಳು ಅಪಹರಿಸಿ, ಮಕ್ಕಳನ್ನೂ ಡ್ರೈವರನ್ನೂ ನೆಲದಡಿ ಹೂತಿಟ್ಟ ವಾಹನವೊಂದರಲ್ಲಿ ಕೂಡಿಹಾಕಿದ್ದರು. ಎಲ್ಲರೂ ಜೀವಂತ ಹೊರಗೆ ಬಂದರು. ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಮನೋವೈದ್ಯೆ ಲೆನೋರ್ ಟೆರ್, ಆಘಾತವಾದ ಮಕ್ಕಳ ಆಟವೇ ಬೇರೆ ಥರ ಅಂತ ಗುರುತಿಸಿದರು. ಸಾಮಾನ್ಯ ಆಟದಲ್ಲಿ ಕತೆ ದಿನಾ ಬದಲಾಗುತ್ತದೆ, ಮಗು ನಗುತ್ತದೆ. ಇದರಲ್ಲಿ ಅದೇ ಕತೆ, ಅದೇ ಕೊನೆ, ಮುಖದಲ್ಲಿ ಖುಷಿ ಇಲ್ಲ, ಆಡಿದ ಮೇಲೆ ಸಮಾಧಾನವೂ ಇಲ್ಲ.

ಹಾಗಾಗಿ ಪಕ್ಕದಲ್ಲಿ ಕೂತು ನೋಡಿ. ಕತೆ ಸ್ವಲ್ಪ ಸ್ವಲ್ಪ ಬದಲಾಗುತ್ತಿದ್ದರೆ, ಯಾರಾದರೂ ಬಂದು ಬಿಡಿಸುತ್ತಾರೆ, ಗೊಂಬೆ ಎದ್ದು ಹೊರಗೆ ಹೋಗುತ್ತದೆ, ಹೀಗೆ ಏನಾದರೂ ಆದರೆ ಆಟ ತನ್ನ ಕೆಲಸ ಮಾಡುತ್ತಿದೆ ಅಂತ. ಇಲ್ಲದಿದ್ದರೆ 'ಬಿದ್ದ ಗೊಂಬೆಗೆ ಈಗ ಯಾರು ಬೇಕಂತೆ?' ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಿರಿ. ವಾರಗಟ್ಟಲೆ ಒಂದಿಷ್ಟೂ ಬದಲಾಗದೆ ಹಾಗೇ ನಡೆದರೆ ಮಕ್ಕಳ ಮನಸ್ಸಿನ ತಜ್ಞರನ್ನು ಕಾಣಲೇಬೇಕು. ಮತ್ತೆ, ಅಳಿಯ ಅಲ್ಲಿಗೆ ಬಂದು ಹೋಗುತ್ತಾನಾ? ನೀವು ಬರೆದಿಲ್ಲ. ಹೆದರಿಕೆ ಇನ್ನೂ ಬಾಗಿಲಲ್ಲೇ ನಿಂತಿದ್ದರೆ ಯಾವ ಚಿಕಿತ್ಸೆಯೂ ನಾಟುವುದಿಲ್ಲ. ಮೊದಲು ಮಗಳೂ ಮೊಮ್ಮಗಳೂ ಸುರಕ್ಷಿತವಾಗಿರುವುದನ್ನು ಗಟ್ಟಿ ಮಾಡಿಕೊಳ್ಳಿ.

ಪ್ರಶ್ನೆ: ನಾವು ಬೇರೆಯಾಗಿದ್ದೇವೆ. ವಾರದಲ್ಲಿ ಎರಡು ದಿನ ಮಗ ನನ್ನ ಹತ್ತಿರ ಇರುತ್ತಾನೆ. ವಾಪಸ್ ಹೋಗುವಾಗ ವಿಪರೀತ ಅಳುತ್ತಾನೆ. ಅವನ ಅಮ್ಮ 'ನಿಮ್ಮ ಹತ್ತಿರ ಬಂದು ಹೋದರೆ ಮಗು ಕೆಡುತ್ತದೆ, ಬರುವುದನ್ನೇ ನಿಲ್ಲಿಸೋಣ' ಅನ್ನುತ್ತಾಳೆ. ಅವಳು ಹೇಳುವುದು ಸರಿಯೇ?

ಉತ್ತರ: ಬರೀ ಅಳುವುದೊಂದೇ ಕಾರಣವಾದರೆ ಸರಿಯಲ್ಲ. ಇದೇ ತಪ್ಪನ್ನು ಹಿಂದೆ ಆಸ್ಪತ್ರೆಗಳು ಮಾಡುತ್ತಿದ್ದವು. ಅಪ್ಪ ಅಮ್ಮ ಬಂದು ಹೋದ ಮೇಲೆ ಮಕ್ಕಳು ಅಳುತ್ತವೆ, ಹಾಗಾಗಿ ಬರುವುದೇ ಬೇಡ ಅನ್ನುವುದು ಆಗಿನ ವಾದ. ಲಂಡನ್ನಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್, ಆಸ್ಪತ್ರೆಯಲ್ಲಿ ಒಂಟಿಯಾದ ಎರಡು ವರ್ಷದ ಮಗುವನ್ನು ಚಿತ್ರೀಕರಿಸಿ 1952ರಲ್ಲಿ ತೋರಿಸಿದರು. ಅಳದೆ ಸುಮ್ಮನಾದ ಮಗು ಹೊಂದಿಕೊಂಡಿಲ್ಲ, ಆಸೆ ಬಿಟ್ಟಿದೆ ಅನ್ನುವುದು ಅವರ ಮಾತು. 1959ರಲ್ಲಿ ಬ್ರಿಟನ್ನಿನ ಪ್ಲ್ಯಾಟ್ ಸಮಿತಿ ಅಪ್ಪ ಅಮ್ಮಂದಿರಿಗೆ ಬಾಗಿಲು ತೆರೆಯಿರಿ ಅಂತ ಶಿಫಾರಸು ಮಾಡಿತು.

ಆದರೆ ನಿಮಗೂ ಒಂದು ಮಾತು. ಆ ಎರಡು ದಿನದಲ್ಲಿ 'ಅಮ್ಮ ಏನು ಹೇಳಿದಳು? ಮನೆಗೆ ಯಾರು ಬಂದಿದ್ದರು?' ಅಂತ ಕೇಳುತ್ತೀರಾ? ಕೇಳುತ್ತಿದ್ದರೆ ಬಿಡಿ. ಅವನು ಪತ್ತೇದಾರನೂ ಅಲ್ಲ, ಟಪಾಲಿನವನೂ ಅಲ್ಲ. ಅವಳಿಗೆ ಹೇಳುವುದಿದ್ದರೆ ನೀವೇ ಹೇಳಿ. ಕ್ಯಾಲೆಂಡರಿನಲ್ಲಿ ಅಪ್ಪನ ದಿನಕ್ಕೊಂದು ಬಣ್ಣ, ಅಮ್ಮನ ದಿನಕ್ಕೊಂದು ಬಣ್ಣ ಹಾಕಿ ಎರಡು ಮನೆಯಲ್ಲೂ ತೂಗುಹಾಕಿ. ಮತ್ತೆ ಯಾವಾಗ ನೋಡುತ್ತೇನೆ ಅಂತ ಗೊತ್ತಿದ್ದರೆ ಬಿಟ್ಟುಹೋಗುವುದು ಸ್ವಲ್ಪ ಹಗುರವಾಗುತ್ತದೆ.

ಪ್ರಶ್ನೆ: ಈಗ ಎಲ್ಲದಕ್ಕೂ ಕೌನ್ಸೆಲಿಂಗ್, ಎಲ್ಲದಕ್ಕೂ ಆಘಾತ ಅಂತೀರಿ. ನಾನು ಏಳು ವರ್ಷದವನಿದ್ದಾಗ ಅಪ್ಪ ಹೋದರು, ಮನೆಯಲ್ಲಿ ಕುಡುಕರ ಕಾಟ ಬೇರೆ. ಯಾರೂ ಏನೂ ಕೇಳಲಿಲ್ಲ. ಚೆನ್ನಾಗಿಯೇ ಬೆಳೆದೆ. ಮಕ್ಕಳನ್ನು ಇಷ್ಟು ಮೆತ್ತಗೆ ಮಾಡಬೇಕಾ?

ಉತ್ತರ: ನೀವು ಚೆನ್ನಾಗಿ ಬೆಳೆದದ್ದು ನಿಜವೇ ಇರಬೇಕು, ಅದನ್ನು ಅನುಮಾನಿಸುವುದಿಲ್ಲ. ಎಮ್ಮಿ ವರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರು ನಡುವಯಸ್ಸಿಗೆ ಬರುವವರೆಗೂ ಗಮನಿಸುತ್ತಾ ಬಂದರು. ಬಡತನ, ಜಗಳ, ಕುಡಿತ, ಹೀಗೆ ಹಲವು ಕಷ್ಟ ಒಟ್ಟಿಗೆ ಇದ್ದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗಟ್ಟಿಯಾಗಿ, ಪ್ರೀತಿಯಿಂದ ಬಾಳುವ ದೊಡ್ಡವರಾದರು. ನೀವು ಆ ಪಾಲಿನವರು. ಆದರೆ ಉಳಿದ ಎರಡು ಪಾಲಿನವರಲ್ಲಿ ಹತ್ತು, ಹದಿನೆಂಟರ ಹೊತ್ತಿಗೆ ಕಲಿಕೆಯದೋ ನಡವಳಿಕೆಯದೋ ದೊಡ್ಡ ತೊಂದರೆ ಕಾಣಿಸಿಕೊಂಡಿತ್ತು. ಅವರು ನಿಮ್ಮ ಹಾಗೆ ಪತ್ರ ಬರೆಯುವುದಿಲ್ಲ, ಅಷ್ಟೇ.

ಗಟ್ಟಿಯಾದವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಏನು ಗೊತ್ತಾ? ನಂಬಬಹುದಾದ ಒಬ್ಬ ದೊಡ್ಡವರು. ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಎಷ್ಟೋ ಸಲ ಒಬ್ಬ ಟೀಚರ್. ಈಗ ಒಂದು ನಿಮಿಷ ಯೋಚಿಸಿ ಹೇಳಿ, ನಿಮಗೂ ಯಾರೋ ಒಬ್ಬರು ಇದ್ದರಲ್ವಾ? ಇದ್ದರೆ ಮುಂದಿನ ಪತ್ರದಲ್ಲಿ ಅವರ ಬಗ್ಗೆ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇನೆ.

ಪ್ರಶ್ನೆ: ಮನೆ ಬದಲಾಯಿಸಿ, ಗಂಡ ದೂರವಾಗಿ ಐದು ವಾರ ಆಯಿತು. ಎಂಟು ವರ್ಷದ ಮಗ ಮತ್ತೆ ಹಾಸಿಗೆಯಲ್ಲಿ ಒಂದಕ್ಕೆ ಮಾಡಿಕೊಳ್ಳುತ್ತಿದ್ದಾನೆ. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ನಾಟಕವಾ? ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಉತ್ತರ: ನಾಟಕ ಅಲ್ಲ. ಚಿಂತೆಯಿಂದ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ, ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಹಾಸಿಗೆ ಒದ್ದೆಯಾದರೆ ಸುಮ್ನೆ ಬದಲಾಯಿಸಿ, ಯಾರ ಹತ್ತಿರವೂ ಹೇಳಬೇಡಿ. ಹೊಟ್ಟೆನೋವು ಅಂತ ದಿನಾ ರಜೆ ಹಾಕಿಸಲೂ ಬೇಡಿ, ಬೇಕಾದರೆ ಮೊದಲ ಒಂದು ಗಂಟೆ ಟೀಚರ್ ಕಣ್ಣಳತೆಯಲ್ಲಿ ಕೂರಿಸಲು ಕೇಳಿಕೊಳ್ಳಿ. ಇಂಥ ಲಕ್ಷಣಗಳು ಮೊದಲ ಕೆಲವು ವಾರ ಇರುವುದು ಸಾಮಾನ್ಯ. ಒಂದು ತಿಂಗಳು ದಾಟಿಯೂ ಕಡಿಮೆಯಾಗದೆ ನಿದ್ದೆ, ಊಟ, ಆಟ, ಓದು ಕೆಡುತ್ತಿದ್ದರೆ ಮಕ್ಕಳ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಹತ್ತಿರ ಹೋಗಿ. ನಿಮಗೆ ಐದು ವಾರ ಆಗಿದೆ, ಹೋಗುವುದೇ ಸರಿ. 'ಸಾಯಬೇಕು' ಅಂದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಅಥವಾ ಯಾರೋ ಮುಟ್ಟಬಾರದ ಹಾಗೆ ಮುಟ್ಟುತ್ತಾರೆ ಅಂದರೆ ಮಾತ್ರ ತಿಂಗಳು ಎಣಿಸುವ ಹಾಗಿಲ್ಲ, ಅವತ್ತೇ ಹೋಗಬೇಕು.

ಮಾತ್ರೆ ಕೊಟ್ಟುಬಿಡುತ್ತಾರೆ ಅನ್ನುವ ಹೆದರಿಕೆ ಹಲವರಿಗೆ. ಈ ವಯಸ್ಸಿನಲ್ಲಿ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಮಾತು, ಚಿತ್ರ, ಆಟದ್ದೇ. ಅಪ್ಪ ಅಮ್ಮನನ್ನೂ ಒಳಗೆ ಕೂರಿಸಿಕೊಂಡು ಕೆಲವು ವಾರಗಳ ಕಾಲ ನಡೆಸುತ್ತಾರೆ.

ಪ್ರಶ್ನೆ: ನನ್ನ ಕ್ಲಾಸಿನ ಒಂಬತ್ತು ವರ್ಷದ ಹುಡುಗಿಯ ತಮ್ಮ ತೀರಿಕೊಂಡ. ಸೋಮವಾರ ಅವಳು ಶಾಲೆಗೆ ಬರುತ್ತಾಳೆ. ನಾನು ಮೇಷ್ಟ್ರಾಗಿ ಮೊದಲ ದಿನ ಏನು ಹೇಳಲಿ? ಏನೂ ಆಗದ ಹಾಗೆ ಇರಲೇ?

ಉತ್ತರ: ಏನೂ ಆಗದ ಹಾಗೆ ಇರಬೇಡಿ ಮೇಷ್ಟ್ರೇ, ನಿಮಗೆ ಗೊತ್ತೇ ಇಲ್ಲವೇನೋ ಅಂತ ಅವಳು ದಿನವಿಡೀ ಚಡಪಡಿಸುತ್ತಾಳೆ. ಅವಳು ಬರುವ ಮೊದಲೇ ಉಳಿದ ಮಕ್ಕಳಿಗೆ ವಿಷಯ ಹೇಳಿ, 'ಹೇಗಾಯ್ತು, ಏನಾಯ್ತು ಅಂತ ಕೇಳಬೇಡಿ, ಆಟಕ್ಕೆ ಕರೆಯಿರಿ' ಅನ್ನಿ. ಸೋಮವಾರ ಬಾಗಿಲ ಹತ್ತಿರವೇ ನಿಂತಿರಿ. ಕಣ್ಣಿಗೆ ಕಣ್ಣು ಕೊಡುವಷ್ಟು ಬಗ್ಗಿ, 'ನಿನ್ನ ತಮ್ಮನ ವಿಷಯ ತಿಳಿಯಿತಮ್ಮಾ, ನನಗೆ ತುಂಬಾ ಬೇಜಾರಾಯಿತು. ನಿನ್ನ ಜಾಗ ಹಾಗೇ ಇದೆ. ಮಧ್ಯದಲ್ಲಿ ಹೊರಗೆ ಹೋಗಬೇಕು ಅನ್ನಿಸಿದರೆ ಈ ಚೀಟಿ ನನ್ನ ಮೇಜಿನ ಮೇಲೆ ಇಟ್ಟು ಹೋಗು, ಕೇಳಬೇಕಾಗಿಲ್ಲ' ಅಂತ ಹೇಳಿ, ಚೀಟಿ ಕೈಗೆ ಕೊಡಿ. ಆಮೇಲೆ ಹಾಜರಿ ಕೂಗಿ, ಪಾಠ ಶುರು ಮಾಡಿ.